ಕೆಲಸ ಬಿಟ್ಟು ಹಾಯಿದೋಣಿಯಲ್ಲೇ ವಾಸ ಮಾಡಲು 36 ಅಡಿಯ ದೋಣಿ ಸಾಕಾ, 42 ಅಡಿಯದ್ದೇ ಬೇಕಾ?

2014ರಲ್ಲಿ ಸಿಂಗಪುರದ ಬಾಡಿಗೆ ಮನೆಯಲ್ಲಿ ಕೂತು ನಾನು, ನನ್ನ ಹೆಂಡತಿ ಆಡಿದ ಮಾತೆಲ್ಲ ನಿಮ್ಮ ಪ್ರಶ್ನೆಯಲ್ಲಿ ಹಾಗೇ ಇದೆ. 36 ಅಡಿಯಾ, 42 ಅಡಿಯಾ, ಫ್ರಿಜ್ ಎಷ್ಟು ದೊಡ್ಡದಿರಬೇಕು, ಊರಿಂದ ಅಪ್ಪ ಅಮ್ಮ ಬಂದರೆ ಎಲ್ಲಿ ಮಲಗುತ್ತಾರೆ. ಕೊನೆಗೆ ಮಲೇಷ್ಯಾದ ಲಂಕಾವಿ ದ್ವೀಪದಲ್ಲಿ 36 ಅಡಿಯ ಹಳೇ ದೋಣಿ ಕೊಂಡು ಅದರಲ್ಲೇ ನಾಲ್ಕು ವರ್ಷ ಇದ್ದೆವು. ಆ ನಾಲ್ಕು ವರ್ಷದಲ್ಲಿ ಒಂದು ದಿನವೂ ಇನ್ನು ಆರು ಅಡಿ ಇದ್ದಿದ್ದರೆ ಅನ್ನಿಸಲಿಲ್ಲ. ನಮಗೆ ಕಡಿಮೆ ಬಿದ್ದಿದ್ದು ಲಂಗರಿಗೆ ಕಟ್ಟುವ ಚೈನು, ಇಪ್ಪತ್ತು ಮೀಟರ್, ಅದೂ ಒಂದೇ ರಾತ್ರಿ. ಆ ಕಥೆ ಹೇಳದೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡಲು ನನಗೆ ಬರುವುದಿಲ್ಲ.

ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿ 2013ರಲ್ಲಿ ಹಾಯಿದೋಣಿಯಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಮುಂಬೈಗೆ ವಾಪಸ್ ಬಂದಿದ್ದನ್ನು ಓದಿ ಈ ಆಸೆ ಹುಟ್ಟಿತು ಎಂದು ಬರೆದಿದ್ದೀರಿ. ನನಗೂ ಅಲ್ಲಿಂದಲೇ ಹುಟ್ಟಿದ್ದು. ಆದರೆ ಅವರು ಮಾಡಿದ್ದು ಪ್ರಯಾಣ, ನೀವು ಕೇಳುತ್ತಿರುವುದು ಸಂಸಾರ. ದೋಣಿಯಲ್ಲಿ ಸಂಸಾರ ಮಾಡುವವರು ಹತ್ತರಲ್ಲಿ ಒಂಬತ್ತು ದಿನ ಎಲ್ಲಿಗೂ ಹೋಗುವುದಿಲ್ಲ. ಯಾವುದೋ ಕೊಲ್ಲಿಯಲ್ಲಿ ಲಂಗರು ಹಾಕಿ ನಿಂತಿರುತ್ತಾರೆ. ಪಟ ಕಟ್ಟುವುದು, ಗಾಳಿ ಹಿಡಿಯುವುದು ಎಲ್ಲ ಕಲಿತ ಮೇಲೂ ದಿನದ ಬದುಕು ನಡೆಯುವುದು ನಿಂತ ದೋಣಿಯಲ್ಲೇ.

ಆ ಬದುಕು ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಬೆಳಿಗ್ಗೆ ಆರಕ್ಕೆ ಎದ್ದು ಒಂಬತ್ತರೊಳಗೆ ಮೈ ಬಗ್ಗಿಸುವ ಕೆಲಸ ಎಲ್ಲ ಮುಗಿಸಬೇಕು. ಹತ್ತು ದಾಟಿದರೆ ಡೆಕ್ ಮೇಲೆ ಬರಿಗಾಲು ಇಡಲು ಆಗುವುದಿಲ್ಲ. ಅಲ್ಲಿ ಸಮುದ್ರದ ನೀರೇ 29-30 ಡಿಗ್ರಿ ಇರುತ್ತದೆ. ಹಾಗಾಗಿ ರಾತ್ರಿಯೂ ದೋಣಿಯ ಒಳಗೆ ತಂಪಾಗುವುದಿಲ್ಲ. ಬೆಚ್ಚಗಿನ ನೀರಲ್ಲಿ ಪಾಚಿಗೆ ಹಬ್ಬ. ಮೂರು ವಾರ ಬಿಟ್ಟರೆ ದೋಣಿಯ ತಳಕ್ಕೆ ಲೋಳೆ ಹಿಡಿದು, ಮೇಲೆ ಸಣ್ಣ ಚೂಪು ಚಿಪ್ಪುಗಳು ಕೂತಿರುತ್ತವೆ. ಮುಳುಗಿ ಕೆರೆಯಬೇಕು. ಕೆರೆದು ಮೇಲೆ ಬಂದಾಗ ಕಿವಿಯಲ್ಲಿ, ಕೂದಲಲ್ಲಿ ಸಣ್ಣ ಸಣ್ಣ ಸೀಗಡಿ ಮರಿಯಂಥ ಹುಳುಗಳು ಓಡಾಡುತ್ತಿರುತ್ತವೆ.

ನಮ್ಮ ಟ್ಯಾಂಕ್ 300 ಲೀಟರಿನದು. ದಿನಕ್ಕೆ ಇಬ್ಬರಿಗೂ ಸೇರಿ 20 ಲೀಟರ್ ಅಂತ ಲೆಕ್ಕ, ಅಂದರೆ ಹದಿನೈದು ದಿನ. ಪಾತ್ರೆ ತೊಳೆಯುವುದು ಉಪ್ಪು ನೀರಲ್ಲಿ, ಕೊನೆಗೊಮ್ಮೆ ಮಾತ್ರ ಸಿಹಿ ನೀರು. ಸ್ನಾನ ಅಂದರೆ ಕಡಲಿಗೆ ಹಾರಿ, ಸೋಪು ಹಚ್ಚಿ, ಮತ್ತೆ ಹಾರಿ, ಹತ್ತಿ ಬಂದು ಎರಡು ತಂಬಿಗೆ ಸಿಹಿ ನೀರು ಸುರಿದುಕೊಳ್ಳುವುದು. ಉಪ್ಪು ಪೂರ್ತಿ ಹೋಗಲೇಬೇಕು. ಇಲ್ಲದಿದ್ದರೆ ಆ ಉಪ್ಪು ಹಾಸಿಗೆಗೆ ಹತ್ತಿ, ಹಾಸಿಗೆ ಸದಾ ಒದ್ದೆ ಒದ್ದೆ. ನೆರಳಿಗೆ ಕಟ್ಟಿದ ಕ್ಯಾನ್ವಾಸಿಗೆ ಒಂದು ತೂತು ಮಾಡಿ ಪೈಪ್ ಹೊಲಿಸಿದ್ದೆವು. ಮಳೆ ಬಂದರೆ ಮೊದಲ ಐದು ನಿಮಿಷದ ನೀರು ಹೊರಗೆ ಬಿಡುವುದು, ಆಮೇಲಿನದು ಟ್ಯಾಂಕಿಗೆ. ಜೋರು ಮಳೆಯಾದರೆ ಒಂದು ವಾರದ ನೀರು ಅರ್ಧ ಗಂಟೆಯಲ್ಲಿ ಬಂದುಬಿಡುತ್ತಿತ್ತು.

ಅಡುಗೆಗೆ ದೋಣಿಯಲ್ಲಿ ಪ್ರೆಶರ್ ಕುಕ್ಕರಿಗಿಂತ ಒಳ್ಳೆ ಪಾತ್ರೆ ಇಲ್ಲ. ಗ್ಯಾಸ್ ಉಳಿಯುತ್ತದೆ, ಮುಚ್ಚಳ ಬಿಗಿಯಾಗಿ ಕೂತಿರುವುದರಿಂದ ದೋಣಿ ಎಷ್ಟು ವಾಲಿದರೂ ಅನ್ನ ಚೆಲ್ಲುವುದಿಲ್ಲ. ಮಿಕ್ಸಿ ಓಡಿಸಬೇಕಾದರೆ ಸೋಲಾರ್ ಚೆನ್ನಾಗಿರುವ ಮಧ್ಯಾಹ್ನವೇ ಓಡಿಸಬೇಕು. ಆ ಸೆಕೆಗೆ ಹಿಟ್ಟು ಐದೇ ಗಂಟೆಯಲ್ಲಿ ಹುದುಗು ಬರುತ್ತದೆ. ಹಾಗಾಗಿ ನಮ್ಮ ದೋಣಿಯಲ್ಲಿ ದೋಸೆ ರಾತ್ರಿಯ ಊಟ. ರಟ್ಟಿನ ಡಬ್ಬಿ ಒಂದನ್ನೂ ದೋಣಿಗೆ ಹತ್ತಿಸುತ್ತಿರಲಿಲ್ಲ. ಸಂದಿಯಲ್ಲಿ ಜಿರಳೆ ಮೊಟ್ಟೆ ಇರುತ್ತದೆ, ಒಮ್ಮೆ ಒಳಗೆ ಬಂದರೆ ಮುಗಿಯಿತು. ಅಕ್ಕಿ, ಬೇಳೆ ಎಲ್ಲ ದಕ್ಕೆಯಲ್ಲೇ ಬಿಚ್ಚಿ ಪ್ಲಾಸ್ಟಿಕ್ ಡಬ್ಬಿಗೆ ತುಂಬಿಕೊಂಡೇ ಡಿಂಗಿಗೆ, ಅಂದರೆ ದಡಕ್ಕೆ ಹೋಗಿಬರುವ ಪುಟ್ಟ ದೋಣಿಗೆ, ಇಳಿಸುತ್ತಿದ್ದೆವು. ಗುಡುಗು ಶುರುವಾದರೆ ಲ್ಯಾಪ್‌ಟಾಪು, ಫೋನು, ಕೈಯಲ್ಲಿ ಹಿಡಿಯುವ ಜಿಪಿಎಸ್ ಎಲ್ಲ ಓವನ್ ಒಳಗೆ. ಸುತ್ತ ಲೋಹದ ಪೆಟ್ಟಿಗೆ ಇದ್ದರೆ ಸಿಡಿಲು ಹತ್ತಿರ ಬಡಿದರೂ ಅವು ಉಳಿಯುವ ಸಾಧ್ಯತೆ ಜಾಸ್ತಿ.

ಇದರಲ್ಲಿ ಯಾವುದಕ್ಕಾದರೂ 42 ಅಡಿ ಬೇಕು ಅನ್ನಿಸಿತಾ? ಎಲ್ಲದಕ್ಕೂ ಬೇಕಾಗಿದ್ದು ನೆರಳು, ನೀರು ಮತ್ತು ರಾತ್ರಿ ನಿಂತ ಜಾಗದಲ್ಲೇ ಬೆಳಿಗ್ಗೆಯೂ ದೋಣಿ ಇರುತ್ತದೆ ಅನ್ನುವ ಧೈರ್ಯ. ಮೊದಲೆರಡು ನಮಗೆ ಬೇಗ ಅರ್ಥವಾಯಿತು. ಮೂರನೆಯದು 2016ರ ಮೇ ತಿಂಗಳಲ್ಲಿ ಅರ್ಥವಾಯಿತು.

ಆ ಕಡಲಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಈಶಾನ್ಯದ ಗಾಳಿ. ಹದವಾದ ಗಾಳಿ, ಒಣ ಹವೆ. ಲಂಕಾವಿಯಿಂದ ಥಾಯ್ಲೆಂಡಿನ ಫುಕೆಟ್‌ವರೆಗೆ ದ್ವೀಪದಿಂದ ದ್ವೀಪಕ್ಕೆ ಆರಾಮಾಗಿ ಹೋಗಬಹುದು. ಮೇ ಬಂತೆಂದರೆ ಪಶ್ಚಿಮದ ಗಾಳಿ, ನಮ್ಮ ಮುಂಗಾರೇ ಅದು. ಆಗ ಮಲಕ್ಕಾ ಜಲಸಂಧಿಯಲ್ಲಿ ರಾತ್ರಿ ಹೊತ್ತು ಏಳುವ ಬಿರುಗಾಳಿಗೆ ಅಲ್ಲಿನವರು 'ಸುಮಾತ್ರ' ಅಂತಲೇ ಹೆಸರಿಟ್ಟಿದ್ದಾರೆ, ಸುಮಾತ್ರ ದ್ವೀಪದ ಕಡೆಯಿಂದ ಬರುವುದರಿಂದ. ಹದಿನೈದು ನಿಮಿಷ ಮೊದಲು ಎಲೆ ಅಲುಗುವುದಿಲ್ಲ. ಬಂದರೆ 40 ನಾಟ್, ಅಂದರೆ ಗಂಟೆಗೆ 74 ಕಿಲೋಮೀಟರ್, ದಾಟುವುದೂ ಉಂಟು.

ಅವತ್ತು ಹುಣ್ಣಿಮೆಯ ಆಚೀಚೆ. ಲಂಕಾವಿಯ ಕುವಾ ಪೇಟೆಯ ಎದುರಿನ ಕೊಲ್ಲಿಗೆ ಸಂಜೆ ಆರಕ್ಕೆ ಬಂದೆವು. ಆಳ ನೋಡಿದರೆ ನಾಲ್ಕು ಮೀಟರ್. ಆಳದ ಐದು ಪಟ್ಟು ಚೈನ್ ಬಿಡಬೇಕು ಅಂತ ಕಲಿತಿದ್ದೆ. ನಾಲ್ಕೈದಲಿ ಇಪ್ಪತ್ತು. ಇಪ್ಪತ್ತು ಮೀಟರ್ ಬಿಟ್ಟೆ, ದೋಸೆ ತಿಂದೆವು, ಮಲಗಿದೆವು.

ಈ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ನೋಡಿ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ, ದಯವಿಟ್ಟು ಪೂರ್ತಿ ಓದಿ. ಮೊದಲನೆಯದು, ಚೈನ್ ನೀರಿನ ಮಟ್ಟದಿಂದ ಶುರುವಾಗುವುದಿಲ್ಲ, ದೋಣಿಯ ಮೂತಿಯಿಂದ ಶುರುವಾಗುತ್ತದೆ. ನಮ್ಮ ದೋಣಿಯ ಮೂತಿ ನೀರಿಂದ 1.3 ಮೀಟರ್ ಮೇಲಿತ್ತು. ಅದನ್ನು ನಾನು ಸೇರಿಸಲೇ ಇಲ್ಲ. ಎರಡನೆಯದು, ಆರು ಗಂಟೆಗೆ ಪೂರ್ತಿ ಇಳಿತ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಲ್ಲಿ ಉಬ್ಬರ ಜಾಸ್ತಿ ಅನ್ನುವುದು ನಮ್ಮ ಕರಾವಳಿಯಲ್ಲಿ ಮಕ್ಕಳಿಗೂ ಗೊತ್ತು. ನಾನು ಗಂಗೊಳ್ಳಿಯವನು, ಅಪ್ಪನಿಗೆ ಮೀನಿನ ಬೋಟಿನಲ್ಲಿ ಪಾಲಿತ್ತು. ಆದರೆ ನಮ್ಮೂರಲ್ಲಿ ನೀರು ಒಂದು, ಒಂದೂವರೆ ಮೀಟರ್ ಏರಿದರೆ ಹೆಚ್ಚು. ಬೋಟುಗಳನ್ನು ನಾವು ದಕ್ಕೆಗೆ ಕಟ್ಟುತ್ತೇವೆ. ನೀರು ಏರಿದರೆ ಹಗ್ಗ ಸಡಿಲ ಮಾಡಿದರಾಯಿತು. ಅಲ್ಲಿ ಅವತ್ತು ಏರಿದ್ದು 2.7 ಮೀಟರ್. ನಾಲ್ಕು, 2.7, 1.3 ಕೂಡಿದರೆ ಎಂಟು. ಎಂಟಕ್ಕೆ ಇಪ್ಪತ್ತು ಅಂದರೆ ಎರಡೂವರೆ ಪಟ್ಟು. ನಾನು ಬಿಡಬೇಕಾಗಿದ್ದು 40 ಮೀಟರ್.

ಎರಡೂವರೆ ಪಟ್ಟಾದರೆ ಏನಾಗುತ್ತದೆ? ನೇಗಿಲು ನೋಡಿದ್ದೀರಲ್ಲ. ತಗ್ಗಿನಲ್ಲಿ ಎಳೆದರೆ ಗುಳ ಮಣ್ಣೊಳಗೆ ಇಳಿಯುತ್ತದೆ, ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಲಂಗರೂ ಅಷ್ಟೇ. ಚೈನ್ ಉದ್ದವಾಗಿದ್ದರೆ ಅದರ ಭಾರಕ್ಕೇ ತಳದಲ್ಲಿ ಮಲಗಿರುತ್ತದೆ, ಎಳೆತ ಅಡ್ಡಡ್ಡ ಬೀಳುತ್ತದೆ, ಲಂಗರು ಇನ್ನಷ್ಟು ಹೂತುಕೊಳ್ಳುತ್ತದೆ. ಗಿಡ್ಡ ಇದ್ದರೆ ಪ್ರತಿ ಗಾಳಿಯ ಹೊಡೆತಕ್ಕೂ ಮೂತಿ ಮೇಲೆದ್ದು ಲಂಗರನ್ನು ಮೂಲಂಗಿ ಕಿತ್ತ ಹಾಗೆ ಕೀಳುತ್ತದೆ.

ನಮ್ಮ ದೋಣಿಯಲ್ಲಿ ಒಟ್ಟು 60 ಮೀಟರ್ ಚೈನ್ ಇತ್ತು. 40 ಮೀಟರ್ ಪೆಟ್ಟಿಗೆಯಲ್ಲೇ ಬಿದ್ದಿತ್ತು. ಯಾಕೆ ಬಿಡಲಿಲ್ಲ ಅಂದರೆ, ಲಂಗರು ಎತ್ತುವ ಮೋಟರ್ ಹಾಳಾಗಿತ್ತು. ಹತ್ತು ಮಿಲಿಮೀಟರ್ ಚೈನು ಮೀಟರಿಗೆ ಎರಡು ಕಿಲೋ ಚಿಲ್ಲರೆ ತೂಗುತ್ತದೆ. ಬೆಳಿಗ್ಗೆ ಕೈಯಲ್ಲಿ ಎಳೆಯಬೇಕಲ್ಲ ಅಂತ ನಾನು ಕಡಿಮೆ ಲೆಕ್ಕವನ್ನೇ ಹಿಡಿದುಕೊಂಡೆ. ಮೋಟರ್ ರಿಪೇರಿಯನ್ನು ಎರಡು ತಿಂಗಳಿಂದ ಮುಂದೂಡಿ, ಅದೇ ದುಡ್ಡಲ್ಲಿ ಫ್ರಿಜ್ ಬದಲಾಯಿಸಿದ್ದೆವು.

ಮಧ್ಯರಾತ್ರಿ ದಾಟಿ ಮುಕ್ಕಾಲು ಗಂಟೆ, ಉಬ್ಬರದ ತುದಿ, ಗಾಳಿ ಬಂತು. ನನಗೆ ಎಚ್ಚರವಾಗಿದ್ದು ಸದ್ದಿಗೆ. ಚೈನ್ ತಳದ ಕಲ್ಲು ಮಣ್ಣಿನ ಮೇಲೆ ಜಾರುವಾಗ ಗರಗರ ಅಂತ ಒಂದು ನಡುಕ ದೋಣಿಯ ಮೈಗೆಲ್ಲ ಬರುತ್ತದೆ, ದಿಂಬಿಗೆ ಕಿವಿ ಇಟ್ಟರೆ ಕೇಳುತ್ತದೆ. ಮೇಲೆ ಹೋಗುವಷ್ಟರಲ್ಲಿ ಪೇಟೆಯ ದೀಪಗಳು ಇರಬೇಕಾದ ಕಡೆ ಇರಲಿಲ್ಲ. ಮಳೆ ಮುಖಕ್ಕೆ ಕಲ್ಲು ಹೊಡೆದ ಹಾಗೆ. ಹೆಂಡತಿ ಎಂಜಿನ್ ಹಾಕಿದಳು, ನಾನು ಮೂತಿಗೆ ಓಡಿ ಚೈನ್ ಬಿಟ್ಟೆ. ಕಿತ್ತ ಲಂಗರಿಗೆ ಮಣ್ಣಿನ ಹೆಂಟೆ ಮೆತ್ತಿಕೊಂಡಿತ್ತು, ಮತ್ತೆ ಕಚ್ಚಲಿಲ್ಲ. ಹಿಂದೆ ನಿಂತಿದ್ದ ಒಂದು ಕ್ಯಾಟಮರಾನಿಗೆ (ಜೋಡಿ ಒಡಲಿನ ದೋಣಿಗೆ) ನಮ್ಮ ಹಿಂಭಾಗ ಬಡಿಯಿತು, ಸೋಲಾರ್ ಕಟ್ಟಿದ್ದ ಸ್ಟೀಲ್ ಕಮಾನು ಮಡಚಿತು. ಅಲ್ಲಿಂದ ತಪ್ಪಿಸಿಕೊಂಡು ದಡದ ಕಲ್ಲಿನ ಒಡ್ಡಿನ ಹತ್ತಿರ ತಳ ಹತ್ತಿತು.

ಉಬ್ಬರದ ತುದಿಯಲ್ಲಿ ತಳ ಹತ್ತುವುದು ಎಂದರೇನು ಗೊತ್ತಾ? ಅಲ್ಲಿಂದ ನೀರು ಇಳಿಯುವುದೊಂದೇ ಬಾಕಿ. ಇಪ್ಪತ್ತು ನಿಮಿಷಕ್ಕೆ ಗಾಳಿ ನಿಂತಿತು, ಚಂದ್ರ ಬಂದ. ನೀರು ನಮ್ಮನ್ನು ಬಿಟ್ಟು ನಿಧಾನಕ್ಕೆ ಹೋಯಿತು. ಬೆಳಗಿನ ನಾಲ್ಕಕ್ಕೆ ದೋಣಿ ಪೂರ್ತಿ ಒಂದು ಮಗ್ಗುಲಿಗೆ ಮಲಗಿತ್ತು. ಉಳಿದ ದೋಸೆ ಹಿಟ್ಟು ಗೋಡೆಯಾಗಿದ್ದ ನೆಲದಿಂದ ಪುಸ್ತಕಗಳ ಮೇಲೆ ಇಳಿಯುತ್ತಿತ್ತು. ನನ್ನ ಹೆಂಡತಿ ವಾಲಿದ ಸೋಫಾದ ಮೂಲೆಯಲ್ಲಿ ಮೊಣಕಾಲು ಕಟ್ಟಿಕೊಂಡು ಕೂತು, "ಇನ್ನು ಎಷ್ಟು ಇಳಿಯತ್ತೆ?" ಅಂತ ಅರ್ಧ ಗಂಟೆಗೊಮ್ಮೆ ಕೇಳುತ್ತಿದ್ದಳು. ಇನ್ನು ಎಷ್ಟು ಏರತ್ತೆ ಅಂತ ನಾನು ಸಂಜೆ ಆರಕ್ಕೇ ಕೇಳಿಕೊಳ್ಳಬೇಕಿತ್ತು.

ಮರುದಿನ ಮಧ್ಯಾಹ್ನದ ಉಬ್ಬರಕ್ಕೆ ಅಕ್ಕಪಕ್ಕದ ದೋಣಿಯವರು ಐದು ಡಿಂಗಿ ತಂದು ನಮ್ಮನ್ನು ಎಳೆದರು. ಕ್ಯಾಟಮರಾನಿನವರೂ ಬಂದಿದ್ದರು. ಚುಕ್ಕಾಣಿಯ ತುದಿ ಒಡೆದು ಒಳಗೆ ನೀರು ಹೋಗಿತ್ತು. ರಿಪೇರಿ ಯಾರ್ಡಿನಲ್ಲಿ ದೋಣಿಯನ್ನು ಮೇಲೆತ್ತಿ ಹನ್ನೊಂದು ವಾರ, ನೆಲದ ಮೇಲೆ ನಿಂತ ದೋಣಿಯಲ್ಲೇ ಏಣಿ ಹತ್ತಿ ಇಳಿದು ವಾಸ. ನೆಲದ ಮೇಲೆ ತಂಪು ಗಾಳಿ ಇಲ್ಲ, ಪಾತ್ರೆ ತೊಳೆದ ನೀರು ಬಿಡುವ ಹಾಗಿಲ್ಲ, ರಾತ್ರಿ ಬಾತ್‌ರೂಮಿಗೂ ಏಣಿ ಇಳಿಯಬೇಕು. ಖರ್ಚು ಸುಮಾರು 38 ಸಾವಿರ ರಿಂಗಿಟ್, ಆಗಿನ ಲೆಕ್ಕದಲ್ಲಿ ಆರು ಲಕ್ಷ ರೂಪಾಯಿ ದಾಟಿತು. ಮೋಟರ್ ರಿಪೇರಿಗೆ ಕೇಳಿದ್ದು ಅದರ ಇಪ್ಪತ್ತರಲ್ಲಿ ಒಂದು ಪಾಲೂ ಅಲ್ಲ.

ಆಮೇಲೆ ಚೈನಿಗೆ ಹತ್ತು ಹತ್ತು ಮೀಟರಿಗೆ ಬಣ್ಣ ಬಳಿದೆವು. ಲಂಗರು ಹಾಕುವಾಗ ಹೆಂಡತಿ ಉಬ್ಬರದ ಪಟ್ಟಿ ನೋಡಿ ಮೂರು ಅಂಕಿ ಜೋರಾಗಿ ಹೇಳುತ್ತಿದ್ದಳು: ಈಗಿನ ಆಳ, ಏರುವ ನೀರು, ಮೂತಿಯ ಎತ್ತರ. ಮೂರೂ ಕೂಡಿ ಐದರಿಂದ ಗುಣಿಸುವುದು. ಮಳೆಗಾಲವಾದರೆ ಏಳರಿಂದ. ಆಮೇಲೆ ಎಂಜಿನ್ ಹಿಂದಕ್ಕೆ ಹಾಕಿ ಎಳೆದು ನೋಡಿ, ದೋಣಿ ಜಾಗ ಬಿಟ್ಟರೆ ಕೂಗುವ ಲಂಗರಿನ ಅಲಾರಂ ಫೋನಿನಲ್ಲಿ ಇಟ್ಟರೆ ಮಾತ್ರ ಊಟ. ಇನ್ನು ಮೂರು ವರ್ಷ ಇದ್ದೆವು. ಎಷ್ಟೋ ಸುಮಾತ್ರ ಬಂದು ಹೋದವು, ದೋಣಿ ಒಮ್ಮೆಯೂ ಜಾಗ ಬಿಟ್ಟು ಜರುಗಲಿಲ್ಲ.

ಹಾಗಾಗಿ 36 ಅಡಿ ತಗೊಳ್ಳಿ. 34 ಆದರೂ ಸರಿ. ನನ್ನ ಕೇಳಿದರೆ ಇಬ್ಬರಿಗೆ 42 ಅಡಿ ಬೇಡವೇ ಬೇಡ. ಪಟ, ಹಗ್ಗ, ದೋಣಿ ಕಟ್ಟಿ ನಿಲ್ಲಿಸುವ ಮರೀನಾದ ಬಾಡಿಗೆ, ತಳಕ್ಕೆ ಬಳಿಯುವ ಬಣ್ಣ ಎಲ್ಲ ದೋಣಿಯ ಜೊತೆ ದೊಡ್ಡದಾಗುತ್ತದೆ, ಕೆರೆಯುವ ತಳವೂ. ಉಳಿದ ದುಡ್ಡಲ್ಲಿ ದೋಣಿಯ ಅಳತೆಗಿಂತ ಒಂದು ಸೈಜ್ ದೊಡ್ಡ ಲಂಗರು, 60 ಮೀಟರಿಗಿಂತ ಕಡಿಮೆ ಇಲ್ಲದ ಚೈನು, ಒಳ್ಳೆ ಮೋಟರು, ಇಡೀ ಡೆಕ್ ಮುಚ್ಚುವ ನೆರಳು. ಅಪ್ಪ ಅಮ್ಮ ಬಂದರೆ ದಡದಲ್ಲಿ ರೂಮು ಮಾಡಿಕೊಡಿ, ಅವರಿಗೂ ಅದೇ ಇಷ್ಟವಾಗುತ್ತದೆ. ಕೆಲಸ ಈಗಲೇ ಬಿಡಬೇಡಿ. ಮೊದಲು ಬೇರೆಯವರ ದೋಣಿಯಲ್ಲಿ ಒಂದು ತಿಂಗಳು ಇಬ್ಬರೂ ಇದ್ದು ಬನ್ನಿ, ಅದೂ ಜನವರಿಯಲ್ಲಲ್ಲ, ಮೇ ತಿಂಗಳಲ್ಲಿ.

ದೋಣಿ ನೋಡಲು ಹೋದಾಗ ಮಾರುವವರು ಮೊದಲು ಹಾಸಿಗೆ, ಅಡುಗೆಮನೆ ತೋರಿಸುತ್ತಾರೆ. ನೀವು ಚೈನ್ ಪೂರ್ತಿ ಹೊರಗೆ ಎಳೆಸಿ, ನೆಲದ ಮೇಲೆ ಹಾಸಿ ಟೇಪ್ ಹಿಡಿದು ಅಳೆಯಿರಿ. ತುಕ್ಕು ಎಲ್ಲಿ ಜಾಸ್ತಿ ಇದೆ ನೋಡಿ. ಕೊನೆಯ ಕೊಂಡಿಯನ್ನು ದೋಣಿಗೆ ಹಗ್ಗದಿಂದಲೇ ಕಟ್ಟಿರಬೇಕು, ಬೋಲ್ಟ್ ಹಾಕಿರಬಾರದು. ಯಾವತ್ತೋ ಒಂದು ರಾತ್ರಿ ಚೈನನ್ನೇ ಬಿಟ್ಟು ಹೊರಡಬೇಕಾಗಿ ಬಂದರೆ ಆ ಹಗ್ಗವನ್ನು ಚಾಕುವಿನಲ್ಲಿ ಕುಯ್ಯಬಹುದು. ಆ ಚಾಕು ಮೂತಿಯ ಹತ್ತಿರವೇ ನೇತಾಡುತ್ತಿದ್ದರೆ, ಆ ದೋಣಿಯವರು ಕೆಲಸ ಗೊತ್ತಿದ್ದವರು. ಆಗ ಒಳಗೆ ಹೋಗಿ ಹಾಸಿಗೆ ನೋಡಿ.