ಬಾಡಿಗೆಗೆ ಕೊಟ್ಟ ಮನೆಯ ರಿಪೇರಿಗೆ ಹಣ ಹೊಂದಿಸುವುದು ಹೇಗೆ?

ಶಿವಮೊಗ್ಗದ ವಿನೋಬನಗರದಲ್ಲಿ ಹಳೇ ಹೆಂಚಿನ ಮನೆ, ತಿಂಗಳಿಗೆ 10,000 ಬಾಡಿಗೆ, ರಿಪೇರಿಗೆ 5 ಲಕ್ಷ ಬೇಕು, ಪರ್ಸನಲ್ ಲೋನ್ ಮಾಡಲಾ ಅಂತ ಕೇಳಿದ್ದೀರಿ. ಬೇಡ, ಬಡ್ಡಿ ಜಾಸ್ತಿ. ಅದು ಕೊನೆಯ ದಾರಿಯಾಗಿರಲಿ.

ಆ ಮನೆ ಮೇಲೆ ಗೃಹಸಾಲ ಇದ್ದರೆ ಅದೇ ಬ್ಯಾಂಕಿನಲ್ಲಿ ಟಾಪ್-ಅಪ್ (ಇರುವ ಸಾಲದ ಮೇಲೆ ಹೆಚ್ಚುವರಿ ಸಾಲ) ಕೇಳಿ. ಇಲ್ಲದಿದ್ದರೆ ಮನೆ ದುರಸ್ತಿ ಸಾಲ. ಇ-ಖಾತಾ, ಕಂದಾಯದ ರಸೀದಿ, ಎಂಜಿನಿಯರ್ ಬರೆದುಕೊಟ್ಟ ಎಸ್ಟಿಮೇಟ್ ರೆಡಿ ಇಟ್ಟುಕೊಳ್ಳಿ.

ಈಗ ಲೆಕ್ಕ ನೋಡಿ. ಶೇ. 9 ಬಡ್ಡಿ ಅಂದುಕೊಂಡರೆ 5 ಲಕ್ಷಕ್ಕೆ 10 ವರ್ಷದ ಕಂತು ತಿಂಗಳಿಗೆ ಸುಮಾರು 6,330 ರೂಪಾಯಿ. 5 ವರ್ಷಕ್ಕಾದರೆ ಸುಮಾರು 10,380. ಬಾಡಿಗೆ ಪೂರ್ತಿ ಹೋಗಿ, ಮೇಲೆ ಕೈಯಿಂದ ಹಾಕಬೇಕು. ಮನೆ ಎರಡು ತಿಂಗಳು ಖಾಲಿ ಬಿದ್ದರೂ ಕಂತು ನಿಲ್ಲುವುದಿಲ್ಲ, ಅಲ್ವಾ?

ತೆರಿಗೆಯ ವಿಷಯ ತುಂಬಾ ಜನ ಮರೆಯುತ್ತಾರೆ. ಬಾಡಿಗೆ ಮನೆಯ ರಿಪೇರಿಗೆ ಮಾಡಿದ ಸಾಲದ ಬಡ್ಡಿಯನ್ನು ಬಾಡಿಗೆ ಆದಾಯದಿಂದ ಕಳೆಯಬಹುದು. ಕೈಯಿಂದ ಹಾಕಿದ ದುಡ್ಡಿಗೆ ಬೇರೆ ವಿನಾಯಿತಿ ಇಲ್ಲ. ಖರ್ಚು ಮಾಡಿದರೂ ಮಾಡದಿದ್ದರೂ, ಕಟ್ಟಿದ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ಶೇ. 30 ಮಾತ್ರ ಕಳೆಯಬಹುದು. ಹಾಗಾಗಿ ಸಾಲದ ದುಡ್ಡು ಎಲ್ಲಿ ಹೋಯಿತು ಅಂತ ತೋರಿಸುವ ಬಿಲ್ಲುಗಳನ್ನು ಜೋಪಾನ ಮಾಡಿ.

ಬಾಡಿಗೆದಾರರ ಅಡ್ವಾನ್ಸ್ ಮಾತ್ರ ಮುಟ್ಟಬೇಡಿ. ಸುಮ್ನೆ 5 ಲಕ್ಷ ಸಾಲ ಒಟ್ಟಿಗೆ ತೆಗೆಯುವುದೂ ಬೇಡ. ನಮ್ಮ ಮನೆಯಲ್ಲಿ ಒಂದೇ ಹೆಂಚು ಜರುಗಿ, ಒಂದೇ ಮಳೆಗಾಲದಲ್ಲಿ ಗೋಡೆ ಉಬ್ಬಿತ್ತು. ಗೆದ್ದಲು ಹಿಡಿದ ರೀಪು (ಹೆಂಚಿನ ಕೆಳಗಿನ ಮರದ ಪಟ್ಟಿ), ಒಡೆದ ಹೆಂಚು ಮೊದಲು, ಮೇ ಮುಗಿಯುವುದರೊಳಗೆ. ಟೈಲ್ಸ್, ಬಣ್ಣ ಆಮೇಲೆ ಬಾಡಿಗೆ ದುಡ್ಡಲ್ಲೇ ನಿಧಾನವಾಗಿ ಮಾಡಿಸಿ.