ಬೀದಿಗೆ ಸೊಳ್ಳೆ ಹೊಗೆ ಬಂದಾಗ ಮನೆಯ ಮೀನು, ಬೆಕ್ಕುಗಳ ಪಾಡೇನು?

ಪ್ರಶ್ನೆ: ನಮ್ಮ ಬೀದಿಯಲ್ಲಿ ಆಗಾಗ ಸಂಜೆ ಹೊತ್ತು ಸೊಳ್ಳೆಗೆಂದು ಹೊಗೆ ಹೊಡೆಯುತ್ತಾರೆ. ಮನೆಯಲ್ಲಿ ಒಂದು ನಾಯಿ, ಎರಡು ಬೆಕ್ಕು ಮತ್ತು ಒಂದು ಅಕ್ವೇರಿಯಂ ಇವೆ. ಕಳೆದ ಬಾರಿ ಹೊಗೆ ಒಳನುಗ್ಗಿದ ಮರುದಿನ ಮೂರು ಮೀನುಗಳು ಸತ್ತು ತೇಲುತ್ತಿದ್ದವು; ನಾಯಿ, ಬೆಕ್ಕುಗಳಿಗೆ ಏನೂ ಆಗಲಿಲ್ಲ. ಇದು ಹೊಗೆಯಿಂದಲೇ ಆದದ್ದೇ? ಮುಂದಿನ ಸಲ ಏನು ಮಾಡಬೇಕು?

ಉತ್ತರ: ನೀರನ್ನು ಪರೀಕ್ಷಿಸದೆ ಹೊಗೆಯೇ ಕಾರಣವೆಂದು ಹೇಳಲಾಗದು, ಆದರೆ ನಿಮ್ಮ ಮನೆಯಲ್ಲಿ ನಡೆದದ್ದು ಈ ರಾಸಾಯನಿಕಗಳ ಸ್ವಭಾವಕ್ಕೆ ಸರಿಯಾಗಿ ಹೊಂದುತ್ತದೆ. ನಾವು ವಾಡಿಕೆಯಲ್ಲಿ ಇದನ್ನು ‘ಔಷಧಿ ಹೊಡೆಯುವುದು’ ಎನ್ನುತ್ತೇವಾದರೂ, ಸಿಂಪಡಿಸುವುದು ನರಮಂಡಲವನ್ನು ಕೆಡಿಸುವ ವಿಷವನ್ನೇ. ಇವುಗಳಲ್ಲಿ ಮುಖ್ಯವಾದವು ಎರಡು ಬಗೆ. ಪರ್ಮೆಥ್ರಿನ್, ಸೈಫಿನೋಥ್ರಿನ್ ಮುಂತಾದ ಪೈರೆಥ್ರಾಯ್ಡ್‌ಗಳು ಒಂದು ಬಗೆ. ಇವು ಸೇವಂತಿಗೆಯ ಬಳಗಕ್ಕೆ ಸೇರಿದ ಹೂವೊಂದರಲ್ಲಿ ಸಹಜವಾಗಿರುವ ಕೀಟನಾಶಕದ ಮಾದರಿಯಲ್ಲಿ ಕೃತಕವಾಗಿ ತಯಾರಿಸಿದವು. ಮಲಾಥಿಯಾನ್‌ನಂತಹ ಆರ್ಗನೋಫಾಸ್ಫೇಟ್‌ಗಳು ಇನ್ನೊಂದು ಬಗೆ. ದಟ್ಟ ಬಿಳಿ ಹೊಗೆ ಬಿಡುವ ಯಂತ್ರಗಳಲ್ಲಿ ಇವನ್ನು ಸಾಮಾನ್ಯವಾಗಿ ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಬೆರೆಸಿರುತ್ತಾರೆ. ಮೂಗಿಗೆ ಬಡಿಯುವ ವಾಸನೆ ಹೆಚ್ಚಾಗಿ ಆ ಎಣ್ಣೆಯದು.

ಒಂದೇ ಹೊಗೆ ನಾಯಿಯನ್ನು ಬಿಟ್ಟು ಮೀನನ್ನು ಕೊಲ್ಲುವುದೇಕೆ? ಪೈರೆಥ್ರಾಯ್ಡ್ ದೇಹಕ್ಕೆ ಸೇರಿದರೆ ನಾಯಿಯ ಮತ್ತು ಮನುಷ್ಯರ ಯಕೃತ್ತು ಅದನ್ನು ಬೇಗನೆ ಒಡೆದು ಹೊರಹಾಕುತ್ತದೆ. ಮೀನಿಗೆ ಆ ಸಾಮರ್ಥ್ಯ ತೀರಾ ಕಡಿಮೆ. ಜೊತೆಗೆ ಕಿವಿರುಗಳ ಮೂಲಕ ನೀರಿನಲ್ಲಿರುವ ವಿಷ ನೇರವಾಗಿ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಹೊಗೆ ಬರುವ ಸುದ್ದಿ ತಿಳಿದ ಕೂಡಲೇ ನೀವು ಮೊದಲು ನೋಡಬೇಕಾದದ್ದು ಅಕ್ವೇರಿಯಂ ಕಡೆಗೆ. ಮುಚ್ಚಳ ಹಾಕಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸುವುದನ್ನು ಬಹಳ ಮಂದಿ ಮಾಡುತ್ತಾರೆ, ಆದರೆ ಏರ್ ಪಂಪ್ ಮಾತ್ರ ಓಡುತ್ತಲೇ ಇರುತ್ತದೆ. ಆ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿನೊಳಗೆ ಗುಳ್ಳೆಯಾಗಿ ಬಿಡುವುದರಿಂದ, ಮುಚ್ಚಿದ ಬಾಗಿಲಿನ ಮನೆಗೆ ಕಿಟಕಿ ತೆರೆದಿಟ್ಟಂತೆಯೇ ಸರಿ. ಹೊಗೆ ಹೊಡೆಯುವ ಮೊದಲು ಅದನ್ನು ನಿಲ್ಲಿಸಿ, ಕೋಣೆಯ ಗಾಳಿ ತಿಳಿಯಾದ ಮೇಲೆ ಮತ್ತೆ ಹಾಕಿ. ಮೀನುಗಳು ಕಿಕ್ಕಿರಿದಿರದ ತೊಟ್ಟಿಯಲ್ಲಿ ಅಷ್ಟು ಹೊತ್ತಿನ ಬಿಡುವು ಸಾಮಾನ್ಯವಾಗಿ ತೊಂದರೆ ಕೊಡದು. ಆದರೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಉಸಿರಿಗೆ ಆಮ್ಲಜನಕ ಸಾಲುತ್ತಿಲ್ಲವೆಂದು ತಿಳಿಯಬೇಕು. ಹೊಗೆ ಒಳಗೆ ಬಂದೇಬಿಟ್ಟಿದ್ದರೆ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ನೀರನ್ನು ತೆಗೆದು, ಕ್ಲೋರಿನ್ ಕಳೆದ ನೀರನ್ನು ತುಂಬಿ. ಫಿಲ್ಟರಿನಲ್ಲಿ ಸಕ್ರಿಯ ಇದ್ದಿಲು ಇಟ್ಟರೆ ಉಳಿದ ವಿಷವನ್ನು ಅದು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ.

ಬೆಕ್ಕುಗಳಿಗೆ ಈ ಸಲ ಏನೂ ಆಗಲಿಲ್ಲವೆಂದು ನಿಶ್ಚಿಂತರಾಗಬೇಡಿ. ಪೈರೆಥ್ರಾಯ್ಡ್‌ಗಳನ್ನು ದೇಹದಿಂದ ಹೊರಹಾಕಲು ಬೇಕಾದ ಒಂದು ಮುಖ್ಯ ಯಕೃತ್ತಿನ ಕ್ರಿಯೆ ಬೆಕ್ಕಿನ ಜಾತಿಯಲ್ಲೇ ದುರ್ಬಲವಾಗಿದೆ; ಅದರ ಮೇಲೆ, ಮೈಗೆ ಅಂಟಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳುವ ಅಭ್ಯಾಸವೂ ಅದಕ್ಕಿದೆ. ಬೀದಿಯ ಹೊಗೆಯಲ್ಲಿ ಕೀಟನಾಶಕದ ಪ್ರಮಾಣ ಬಹಳ ಅಲ್ಪವಾಗಿರುವುದರಿಂದ ಮನೆಯೊಳಗಿರುವ ಬೆಕ್ಕಿಗೆ ಅಪಾಯ ಕಡಿಮೆ. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಬೇರೆ ಸಂಗತಿ: ಉಣ್ಣೆ, ಚಿಗಟಗಳಿಗೆಂದು ನಾಯಿಯ ಬೆನ್ನಿಗೆ ಬಿಡುವ ಪರ್ಮೆಥ್ರಿನ್ ಹನಿಗಳನ್ನು ‘ಸ್ವಲ್ಪವೇ ತಾನೇ’ ಎಂದು ಬೆಕ್ಕಿಗೂ ಹಾಕುವುದು. ಬೆಕ್ಕುಗಳಲ್ಲಿ ಕಂಡುಬರುವ ಪ್ರಾಣಾಂತಿಕ ಪರ್ಮೆಥ್ರಿನ್ ವಿಷಬಾಧೆಗೆ ಬೀದಿಯ ಹೊಗೆಗಿಂತ ಈ ಹನಿಗಳೇ ಬಹುಪಾಲು ಕಾರಣ. ನಿಮ್ಮ ಮನೆಯಲ್ಲಿ ನಾಯಿ, ಬೆಕ್ಕು ಎರಡೂ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ನಾಯಿಗೆ ಹನಿ ಹಾಕಿದ ದಿನ, ಅದು ಪೂರ್ತಿ ಒಣಗುವವರೆಗೆ ಬೆಕ್ಕು ಅದರ ಮೈಗೆ ಒರಗಿ ಮಲಗದಂತೆಯೂ ನೋಡಿಕೊಳ್ಳಬೇಕು.

ಹೊಗೆಯ ದಿನ ಸಾಕುಪ್ರಾಣಿಗಳನ್ನೆಲ್ಲ ಮುಂಚಿತವಾಗಿಯೇ ಒಳಗೆ ಕರೆದುಕೊಳ್ಳಿ. ಯಂತ್ರದ ಸದ್ದಿಗೆ ಬೆದರಿದ ಬೆಕ್ಕು ಕೊನೆಯ ಗಳಿಗೆಯಲ್ಲಿ ಕೈಗೆ ಸಿಗುವುದಿಲ್ಲ. ಹೊರಗಿರುವ ನೀರಿನ ಬಟ್ಟಲು, ಊಟದ ತಟ್ಟೆಗಳನ್ನು ಒಳಗಿಡಿ. ಅಂಗಳದ ನೆಲ ಒಣಗುವವರೆಗೆ ನಾಯಿಯನ್ನು ಹೊರಬಿಡದೆ, ಬಿಟ್ಟ ಮೇಲೆ ಹಿಂದಿರುಗಿದಾಗ ಪಂಜಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಕಿವಿ ಅದುರುವುದು, ಮೈ ನಡುಗುವುದು, ಜೊಲ್ಲು ಸುರಿಯುವುದು, ತೂರಾಡುವುದು, ಸೆಳವು, ಇವುಗಳಲ್ಲಿ ಯಾವುದು ಕಂಡರೂ ಕಾದು ನೋಡುವ ಮಾತಿಲ್ಲ, ಪಶುವೈದ್ಯರ ಬಳಿಗೆ ಹೊರಡಬೇಕು. ದ್ರಾವಣ ಮೈಮೇಲೆ ಬಿದ್ದಿದ್ದು, ಪ್ರಾಣಿಗೆ ಇನ್ನೂ ಸೆಳವು ಬಂದಿರದಿದ್ದರೆ ಉಗುರು ಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಸೌಮ್ಯ ದ್ರವ ಸಾಬೂನಿನಿಂದ ತೊಳೆದು, ಒರೆಸಿ, ಬೆಚ್ಚಗೆ ಹೊದಿಸಿ. ಬಿಸಿನೀರು ಚರ್ಮದ ರಕ್ತಸಂಚಾರವನ್ನು ಹೆಚ್ಚಿಸಿ ವಿಷ ಒಳಸೇರಲು ಅನುಕೂಲ ಮಾಡಿಕೊಡುತ್ತದೆ. ಇತ್ತ ಮೈ ತಣ್ಣಗಾದರೆ ಪೈರೆಥ್ರಾಯ್ಡ್‌ಗಳ ಪ್ರಭಾವ ಇನ್ನಷ್ಟು ಬಲಿಯುತ್ತದೆ. ವಾಂತಿ ಮಾಡಿಸಲು ಹೋಗಬೇಡಿ, ಏಕೆಂದರೆ ಸೀಮೆಎಣ್ಣೆಯ ಅಂಶ ಶ್ವಾಸಕೋಶಕ್ಕೆ ಇಳಿದರೆ ಅದೇ ಇನ್ನೊಂದು ಆಪತ್ತು. ಯಾವ ಕೀಟನಾಶಕ ಬಳಸಿದರೆಂಬುದನ್ನು ಸಿಂಪಡಿಸುವವರಿಂದ ಕೇಳಿ ಬರೆದಿಟ್ಟುಕೊಂಡಿದ್ದರೆ ವೈದ್ಯರಿಗೆ ಬಹಳ ಉಪಕಾರವಾಗುತ್ತದೆ: ಮಲಾಥಿಯಾನ್ ಬಾಧೆಗೆ ಅಟ್ರೋಪಿನ್ ಎಂಬ ಪ್ರತ್ಯೌಷಧವಿದೆ, ಪೈರೆಥ್ರಾಯ್ಡ್‌ಗೆ ಅಂತಹ ನಿರ್ದಿಷ್ಟ ಪ್ರತ್ಯೌಷಧವಿಲ್ಲದೆ ನಡುಕ, ಸೆಳವುಗಳನ್ನು ಹತೋಟಿಗೆ ತರುವುದೇ ಚಿಕಿತ್ಸೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಅಸ್ತಮಾ ಇದೆ. ಬಾಲ್ಕನಿಯಲ್ಲಿ ಪಂಜರದ ಹಕ್ಕಿಗಳಿವೆ. ಹೊಗೆ ಬರುವಾಗ ಎಷ್ಟು ಹೊತ್ತು ಕಿಟಕಿ ಮುಚ್ಚಬೇಕು?

ಉತ್ತರ: ಗಡಿಯಾರಕ್ಕಿಂತ ಕಣ್ಣು, ಮೂಗುಗಳನ್ನು ನಂಬಿ. ಹೊರಗಿನ ಹೊಗೆ ಚದುರಿ, ವಾಸನೆ ತಗ್ಗಿದ ಮೇಲೆ ಇನ್ನೂ ಅರ್ಧ ಗಂಟೆ ಬಿಟ್ಟು ಕಿಟಕಿಗಳನ್ನು ತೆರೆಯಿರಿ. ಹೊರಗಾಳಿಯನ್ನು ಒಳಕ್ಕೆ ಎಳೆಯುವ ಏರ್ ಕೂಲರ್ ಮತ್ತು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನುಗಳನ್ನು ಆರಿಸುವುದನ್ನು ಮರೆಯಬೇಡಿ. ಎಕ್ಸಾಸ್ಟ್ ಫ್ಯಾನ್ ಒಳಗಿನ ಗಾಳಿಯನ್ನು ಹೊರತಳ್ಳಿದಷ್ಟೂ ಸಂದುಗಳಿಂದ ಹೊಗೆ ಒಳಬರುತ್ತದೆ. ನಿಮ್ಮ ಅತ್ತೆಯವರನ್ನು ಬೀದಿಯಿಂದ ದೂರದ ಕೋಣೆಯಲ್ಲಿ ಕೂರಿಸಿ, ಇನ್ಹೇಲರ್ ಕೈಗೆಟುಕುವಲ್ಲಿರಲಿ. ಹಕ್ಕಿಗಳನ್ನೂ ಅಂಥದೇ ಒಳಕೋಣೆಗೆ ತನ್ನಿ. ಅವುಗಳ ಶ್ವಾಸಾಂಗ ನಮ್ಮದಕ್ಕಿಂತ ಹೆಚ್ಚು ಸಮರ್ಥವಾಗಿ ಗಾಳಿಯನ್ನು ಹೀರುವುದರಿಂದ, ಗಾಳಿಯಲ್ಲಿರುವ ಕೆಡುಕನ್ನೂ ಅಷ್ಟೇ ಸಮರ್ಥವಾಗಿ ಹೀರುತ್ತದೆ.

ಪ್ರಶ್ನೆ: ಎಲ್ಲರೂ ಕಿಟಕಿ ಮುಚ್ಚಿ ಕುಳಿತರೆ ಮನೆಯೊಳಗಿನ ಸೊಳ್ಳೆಗಳು ಸಾಯುವುದು ಹೇಗೆ? ಹಾಗಿದ್ದರೆ ಈ ಹೊಗೆಯಿಂದ ಪ್ರಯೋಜನವೇನು?

ಉತ್ತರ: ನಿಮ್ಮ ತರ್ಕ ಸರಿಯಾಗಿದೆ, ಮತ್ತು ಇದು ಈ ವಿಧಾನದ ನಿಜವಾದ ಮಿತಿಯೂ ಹೌದು. ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ಮನೆಯೊಳಗಿನ ಕತ್ತಲ ಮೂಲೆಗಳಲ್ಲಿ, ತೂಗುಹಾಕಿದ ಬಟ್ಟೆಗಳ ಹಿಂದೆ ಕೂರುವುದನ್ನು ಇಷ್ಟಪಡುತ್ತದೆ. ಹೊಗೆಯಾದರೋ ಆ ಹೊತ್ತಿಗೆ ಹಾರುತ್ತಿರುವ ಬೆಳೆದ ಸೊಳ್ಳೆಗಳನ್ನಷ್ಟೇ ಕೊಲ್ಲುತ್ತದೆ. ನೀರಿನಲ್ಲಿರುವ ಮೊಟ್ಟೆ, ಮರಿಗಳಿಗೆ ಅದು ಮುಟ್ಟುವುದೇ ಇಲ್ಲ. ರೋಗ ಹಬ್ಬುತ್ತಿರುವಾಗ ಸೋಂಕು ಹೊತ್ತ ಸೊಳ್ಳೆಗಳನ್ನು ತುರ್ತಾಗಿ ಕಡಿಮೆ ಮಾಡಲು ಹೊಗೆಗೆ ಒಂದು ಸ್ಥಾನವಿದೆಯೇ ಹೊರತು, ಅದನ್ನೇ ನೆಚ್ಚಿಕೊಳ್ಳುವುದು ತೋರಿಕೆಯ ಕೆಲಸವಾಗುತ್ತದೆಂಬುದು ನನ್ನ ಅಭಿಪ್ರಾಯ. ಹಾಗೆಂದು ನಾಯಿ, ಬೆಕ್ಕು, ಮಕ್ಕಳಿರುವ ಮನೆಯೊಳಗೆ ಹೊಗೆ ಬಿಟ್ಟುಕೊಳ್ಳಬೇಕೆಂದು ಅರ್ಥವಲ್ಲ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕಾಗುವುದರಿಂದ, ವಾರಕ್ಕೊಮ್ಮೆ ಹೂಕುಂಡದ ತಟ್ಟೆ, ಕೂಲರಿನ ತಳ, ನಾಯಿಯ ನೀರಿನ ಬಟ್ಟಲುಗಳನ್ನು ಖಾಲಿ ಮಾಡಿ. ಬರೀ ಚೆಲ್ಲಿದರೆ ಸಾಲದು, ಒಳಬದಿಯನ್ನು ತಿಕ್ಕಿ ತೊಳೆಯಬೇಕು; ಈಡಿಸ್ ಮೊಟ್ಟೆಗಳು ಒಣಗಿದ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ಸೋಕಿದಾಗ ಒಡೆಯುತ್ತವೆ.