ಹಳೆಯ ಮಟಾಡೋರ್ ಕ್ಯಾಂಪರ್: ಮೊದಲು ತಗಡು, ಕಾಗದ, ಆಮೇಲೆ ಎಂಜಿನ್

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮನೆಯವರೊಂದಿಗೆ ಬಾದಾಮಿ, ಐಹೊಳೆ, ಗೋವಾ ಕಡೆ ನಿಧಾನವಾಗಿ ತಿರುಗಾಡುವ ಆಸೆಯಿಂದ ಕೊಲ್ಹಾಪುರದಲ್ಲಿ 1989ರ ಮಟಾಡೋರ್ ಕ್ಯಾಂಪರ್ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ತಿರುಗಾಡುವ ವ್ಯಾನು) ಒಂದನ್ನು ನೋಡಿ ಬಂದಿದ್ದೇನೆ. ಒಳಗೆ ಮಲಗುವ ಹಲಗೆ, ಸಣ್ಣ ಅಡುಗೆ ಕಟ್ಟೆ ಇವೆ. ಹೊಸದಾಗಿ ಬಣ್ಣ ಹೊಡೆಸಿದ್ದಾರೆ. ಆದರೆ ಎಂಜಿನ್ ಹೊಗೆ ಬಿಡುತ್ತದೆ, ಅದೇ ಅಂಜಿಕೆ. ಕೊಳ್ಳಬಹುದೇ?
– ಓದುಗರು, ಬೆಳಗಾವಿ

ಉತ್ತರ: ಗುರುಗಳೇ, ಹೊಗೆಗೆ ಅಷ್ಟೊಂದು ಅಂಜಬೇಡಿ. ನಿಮ್ಮ ಪತ್ರದಲ್ಲಿ ನನಗೆ ಅನುಮಾನ ಹುಟ್ಟಿಸಿದ್ದು ಹೊಸ ಬಣ್ಣದ ಮಾತು.

ಬಜಾಜ್ ಟೆಂಪೋ ಕಂಪನಿಯ (ಈಗಿನ ಫೋರ್ಸ್ ಮೋಟರ್ಸ್) ಮಟಾಡೋರ್‌ಗಳಲ್ಲಿ ಮೊದಲು ಹಾನೊಮಾಗ್ ಮೂಲದ ಡೀಸೆಲ್ ಎಂಜಿನ್ ಇತ್ತು, ಮುಂದೆ ಮರ್ಸಿಡಿಸ್ ವಿನ್ಯಾಸದ 2.4 ಲೀಟರಿನ ಓಎಂ 616 ಬಂತು. ಎರಡನೆಯದಾದರೆ ನಿಮಗೆ ಅನುಕೂಲ ಹೆಚ್ಚು, ಏಕೆಂದರೆ ಅದೇ ಎಂಜಿನ್ ಟ್ರ್ಯಾಕ್ಸ್ ಗಾಡಿಗಳಲ್ಲೂ ಇದ್ದುದರಿಂದ ಅದನ್ನು ಬಿಚ್ಚಿ ಕಟ್ಟಿದ ಮಿಸ್ತ್ರಿಗಳು ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗಳಲ್ಲಿ ಸಿಗುತ್ತಾರೆ. ಮುಂಜಾನೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ನಿಮ್ಮೆದುರಿಗೇ ಮೊದಲ ಸಲ ಸ್ಟಾರ್ಟ್ ಮಾಡಲು ಹೇಳಿ. ಆರಂಭದಲ್ಲಿ ಬಿಳಿ ಹೊಗೆ ಬಂದು, ಕಾದ ಮೇಲೆ ನಿಂತರೆ ಬಹುಶಃ ಹೀಟರ್ ಪ್ಲಗ್ ಬದಲಿಸಿದರೆ ಸಾಕು. ಕಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ, ರಿಂಗು ಅಥವಾ ವಾಲ್ವು ಸವೆದಿದೆ ಎಂದು ತಿಳಿಯಿರಿ. ಅದು ದೊಡ್ಡ ಖರ್ಚೇ ಹೌದು, ಆದರೆ ಮುಗಿಯುವ ಖರ್ಚು. ಭಾಗ ಸಿಗದಿದ್ದರೂ ನಿಮ್ಮ ಬೆಳಗಾವಿಯ ಉದ್ಯಮಬಾಗದ ಲೇತ್ ಅಂಗಡಿಗಳಲ್ಲಿ ಬುಷ್, ಪಿನ್ನು, ಶಾಫ್ಟುಗಳನ್ನು ಅಳತೆ ಕೊಟ್ಟು ಮಾಡಿಸಿಕೊಳ್ಳಬಹುದು. ಫೌಂಡ್ರಿ, ಮಷಿನ್ ಶಾಪುಗಳ ಊರಿನಲ್ಲಿರುವುದು ಹಳೆಯ ಗಾಡಿಯ ಮಾಲೀಕನಿಗೆ ನಿಜವಾದ ಭಾಗ್ಯ.

ಜಂಗು ತಿಂದ ಬಾಡಿಯ ಮಾತು ಬೇರೆ. ಕೊಲ್ಹಾಪುರ, ಬೆಳಗಾವಿ, ಖಾನಾಪುರದ ಮಳೆಯಲ್ಲಿ ನಿಂತ ಗಾಡಿ ಒಳಗಿನಿಂದ ಕೊಳೆಯುತ್ತದೆ, ಮಾರುವವರು ರಂಧ್ರಕ್ಕೆ ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೆಯುತ್ತಾರೆ. ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ, ಗಾಡಿಯ ಕೆಳಗಿನ ಒಂದು ಗೇಣಿನಷ್ಟು ಎತ್ತರದಲ್ಲಿ ಸುತ್ತಲೂ ನಿಧಾನವಾಗಿ ಸರಿಸುತ್ತಾ ಬನ್ನಿ. ತಗಡಿರುವಲ್ಲಿ ಅದು ಎಳೆದು ಹಿಡಿಯುತ್ತದೆ, ಪುಟ್ಟಿ ದಪ್ಪವಾಗಿರುವಲ್ಲಿ ಹಿಡಿತವಿಲ್ಲದೆ ಜಾರಿಬಿಡುತ್ತದೆ. ಚಕ್ರದ ಕಮಾನು, ಬಾಗಿಲ ಕೆಳಗಿನ ಅಂಚು, ಗಾಜಿನ ರಬ್ಬರಿನ ಕೆಳಮೂಲೆ, ಛಾವಣಿಯ ನೀರು ಹರಿಯುವ ಓಣಿಗಳನ್ನು ಬಿಡದೆ ನೋಡಿ. ಒಳಗಿನ ಮ್ಯಾಟು ಎತ್ತಿಸಿ. ಅಡುಗೆ ಕಟ್ಟೆಯ ಕೆಳಗೆ ನೀರು ಸೋರಿದ್ದರೆ ನೆಲದ ತಗಡು ಅಲ್ಲೇ ಹೋಗಿರುತ್ತದೆ. ಕೊನೆಗೆ ಗಾಡಿಯನ್ನು ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿನ ಉದ್ದ ಬೀಮುಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದು ನೋಡಿ. ಗಟ್ಟಿ ಲೋಹ ಠಣ್ಣೆನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡಿ ಪದರು ಉದುರಿಸುತ್ತದೆ. ಬೀಮು ಕೊಳೆತಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ಬೇಡವೆಂದು ಹೇಳಿ ಬನ್ನಿ.

ಕಾಗದಪತ್ರಗಳನ್ನು ಬಾಡಿಯಷ್ಟೇ ಕಟ್ಟುನಿಟ್ಟಾಗಿ ನೋಡಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಇರುತ್ತದೆ, ಮುಂದೆ ಐದೈದು ವರ್ಷಕ್ಕೆ ನವೀಕರಣವಾಗಬೇಕು. ನಿಮ್ಮ ಗಾಡಿ ಮೊದಲಿನಿಂದ ಖಾಸಗಿಯಾಗಿದ್ದರೆ 2004ರಿಂದ 2024ರವರೆಗೆ ಆ ಸರಪಳಿ ಕಡಿಯದೆ ಬಂದಿದೆಯೇ ಎಂದು ಪರೀಕ್ಷಿಸಿ. ಹಿಂದೆ ಶಾಲಾ ವಾಹನವೋ ಆಂಬುಲೆನ್ಸೋ ಆಗಿದ್ದರೆ ಪರ್ಮಿಟ್, ತೆರಿಗೆ ಬಾಕಿಗಳೆಲ್ಲ ತೀರಿ ಖಾಸಗಿಯಾಗಿ ಬದಲಾಗಿರಬೇಕು. ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಆರ್‌ಸಿಯ ಒಂದೊಂದು ಅಂಕಿಯನ್ನೂ ಅದರೊಂದಿಗೆ ಹೋಲಿಸಿ. ಮಹಾರಾಷ್ಟ್ರದ ಗಾಡಿಯಾದ್ದರಿಂದ ಮಾರುವವರು ಅಲ್ಲಿನ ಆರ್‌ಟಿಓದಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ತಂದುಕೊಡಬೇಕು. ಅದು ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಆಮೇಲೆ ಬೆಳಗಾವಿಯಲ್ಲಿ ಕರ್ನಾಟಕದ ತೆರಿಗೆ ಕಟ್ಟಿ ಕೆಎ 22ರ ಸಂಖ್ಯೆ ಪಡೆಯಬೇಕಾಗುತ್ತದೆ.

ಇನ್ನೊಂದು ಮಾತು ಬಹಳ ಜನ ಮರೆಯುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ಬಳಿಕ ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಸೀಟು ತೆಗೆದು ಹಾಸಿಗೆ ಕೂಡಿಸಿದ್ದು, ಛಾವಣಿ ಎತ್ತರಿಸಿದ್ದು ಆರ್‌ಸಿಯಲ್ಲಿ ದಾಖಲಾಗಿದೆಯೇ ಎಂದು ಕೇಳಿ. ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ. ಮುಚ್ಚಿಟ್ಟರೆ ಪರಿಹಾರದ ಹೊತ್ತಿಗೆ ತಕರಾರು ಬರುವುದು ಖಂಡಿತ.

ಎಲ್ಲ ಸರಿಯಿದ್ದರೆ ಧೈರ್ಯವಾಗಿ ಕೊಳ್ಳಿ. ಗೋವಾಕ್ಕೆ ಹೋಗುವ ಮೊದಲು ಬ್ರೇಕಿನ ರಬ್ಬರ್ ಪೈಪು, ಆಯಿಲ್ ಎರಡನ್ನೂ ಬದಲಿಸಿ, ಚೋರ್ಲಾ ಘಾಟಿಯನ್ನು ಕೆಳಗಿನ ಗೇರಿನಲ್ಲೇ ಇಳಿಯಿರಿ. ಪೆಡಲ್ ಒತ್ತಿಕೊಂಡೇ ಇಳಿದರೆ ಹಳೆಯ ಬ್ರೇಕು ಕಾದು ಹಿಡಿತ ಬಿಡುತ್ತದೆ.

ಪ್ರಶ್ನೆ: ನಮ್ಮ ಹಳೆಯ ಕ್ಯಾಂಪರಿನೊಳಗೆ ಬೇಸಿಗೆಯಲ್ಲಿ ಕೂರಲಾಗದು. ಛಾವಣಿಯ ಮೇಲೆ 200 ಲೀಟರ್ ನೀರಿನ ಟ್ಯಾಂಕ್ ಕೂಡಿಸಿದರೆ ತಂಪಾಗುತ್ತದೆ ಎನ್ನುತ್ತಾರೆ ಫ್ಯಾಬ್ರಿಕೇಶನ್‌ನವರು. ಗ್ಯಾಸ್ ಸಿಲಿಂಡರ್ ಎಲ್ಲಿಡಬೇಕು?
– ಓದುಗರು, ವಿಜಯಪುರ

ಉತ್ತರ: ದಯವಿಟ್ಟು ಟ್ಯಾಂಕನ್ನು ಮೇಲೆ ಇಡಿಸಬೇಡಿ. 200 ಲೀಟರ್ ನೀರೆಂದರೆ 200 ಕಿಲೋ ಭಾರ, ಅದೂ ತಿರುವಿನಲ್ಲಿ ಒಂದೇ ಕಡೆಗೆ ನುಗ್ಗುವ ಭಾರ; ಎತ್ತರದ ಗಾಡಿ ಮಗುಚಲು ಅಷ್ಟು ಸಾಕು. ನಿಮಗೆ ಬೇಕಿರುವಷ್ಟೇ ನೀರನ್ನು ಕೆಳಗೆ, ಎರಡು ಆಕ್ಸಲ್‌ಗಳ ನಡುವೆ ಇಡಿಸಿ. ತಂಪಿಗೆ ಛಾವಣಿಗೆ ಬಿಳಿ ಬಣ್ಣ ಹೊಡೆಸಿ, ಒಳಮೈಗೆ ಶಾಖ ತಡೆಯುವ ಫೋಮ್ ಹಾಳೆ ಅಂಟಿಸಿ, ಬಿಸಿ ಗಾಳಿ ಹೊರಗೆಳೆಯುವ 12 ವೋಲ್ಟಿನ ಫ್ಯಾನನ್ನು ಛಾವಣಿಯಲ್ಲೂ, ಗಾಳಿ ಒಳಬರುವ ಜಾಲರಿಯನ್ನು ನೆಲದ ಹತ್ತಿರ ನೆರಳಿನ ಕಡೆಗೂ ಕೂಡಿಸಿ.

ಸಿಲಿಂಡರ್ ವಿಷಯದಲ್ಲಿ ಸಡಿಲು ಬಿಡಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ, ಹಾಸಿಗೆಯ ಕೆಳಗಿನ ಪೆಟ್ಟಿಗೆಗಳಲ್ಲಿ ಶೇಖರವಾಗಿ ಕಿಡಿಗಾಗಿ ಕಾಯುತ್ತದೆ. ಆದ್ದರಿಂದ ಸಣ್ಣ ಸಿಲಿಂಡರನ್ನು ಒಳಭಾಗಕ್ಕೆ ಸಂಪರ್ಕವಿಲ್ಲದ, ತಳದಲ್ಲಿ ಹೊರಗಾಳಿಗೆ ತೆರೆದ ರಂಧ್ರವಿರುವ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ ಬೆಲ್ಟ್ ಬಿಗಿಯಿರಿ, ಗಾಡಿ ಹೊರಡುವ ಮೊದಲು ರೆಗ್ಯುಲೇಟರ್ ಬಂದ್ ಮಾಡಿ. ಕಿಟಕಿ ಮುಚ್ಚಿ ಒಲೆ ಹಚ್ಚಿಟ್ಟು ಮಲಗಿದರೆ ವಿಷಾನಿಲದಿಂದ ನಿದ್ದೆಯಲ್ಲೇ ಜೀವ ಹೋಗಬಹುದು. ಬಾಗಿಲ ಪಕ್ಕ ಕೈಗೆಟುಕುವಲ್ಲಿ ಅಗ್ನಿಶಾಮಕ ಇರಲಿ.

ಪ್ರಶ್ನೆ: ನನ್ನ 1973ರ ಕ್ಯಾಂಪರಿಗೆ ವಿಂಟೇಜ್ ನಂಬರ್ ಮಾಡಿಸಬೇಕೇ?
– ಓದುಗರು, ಬಾಗಲಕೋಟೆ

ಉತ್ತರ: ಪ್ರವಾಸವೇ ಉದ್ದೇಶವಾದರೆ ಬೇಡ. 2021ರ ನಿಯಮದಂತೆ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ಮಾತ್ರ ‘ವಿಎ’ ಅಕ್ಷರಗಳ ನಂಬರ್ ಸಿಗುತ್ತದೆ. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆ ನಂಬರಿನ ಗಾಡಿಯನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ಇಂಧನ, ದುರಸ್ತಿಯಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು, ದಿನಬಳಕೆಗೆ ಅವಕಾಶವಿಲ್ಲ. ಈಗಿನ ನೋಂದಣಿಯನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಂಡು, ಕೂಡಲಸಂಗಮಕ್ಕೋ ಪಟ್ಟದಕಲ್ಲಿಗೋ ಮನಸ್ಸು ಬಂದಾಗ ಹೊರಡುವ ಹಕ್ಕನ್ನು ಉಳಿಸಿಕೊಳ್ಳಿ.